ಪಡಸಾಲೆ ಮೂಲೆಯ ಆಫೀಸ್: ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತೆ, ಕರೆಂಟ್ ಹೋದರೆ ಮೀಟಿಂಗ್ ಕಟ್

ಪಡಸಾಲೆ ಮೂಲೆ, ಬಳ್ಳಾರಿ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮದು ಕೌಲ್‌ಬಜಾರ್ ಕಡೆ ಹಳೇ ಮನೆ. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಮುಂದೆ ಆರಡಿ ಅಗಲದ ಪಡಸಾಲೆ. ಇರೋರು ಐದು ಜನ. ನಾನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಎರಡು ವರ್ಷ ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್, ಹೀಗೇ ನಡೆಸಿದೆ. ಸೊಂಟ ಹೋಯಿತು. ಸಾಲದ್ದಕ್ಕೆ ಹಿಂದಿನ ರೂಮು ಆರ್‌ಸಿಸಿ, ಏಪ್ರಿಲ್ ಬಂತೆಂದರೆ ರಾತ್ರಿ ಎಂಟಕ್ಕೂ ಫ್ಯಾನ್ ಬಿಸಿಗಾಳಿಯನ್ನೇ ತಲೆ ಮೇಲೆ ಸುರಿಯುತ್ತೆ. ಮುಂಭಾಗ ಮಾತ್ರ ಇನ್ನೂ ಮಣ್ಣಿನ ಮಾಳಿಗೆ, ಕಲ್ಲಿನ ಗೋಡೆ ಒಂದು ಮೊಳ ದಪ್ಪ.

ಹಾಗಾಗಿ ಫೆಬ್ರವರಿಯಲ್ಲಿ ಪಡಸಾಲೆ ಮೂಲೆಗೆ ಬಂದೆ. ಐದಡಿ ಉದ್ದ, ನಾಲ್ಕಡಿ ಅಗಲ, ಅಷ್ಟೇ ಜಾಗ. ಮುಂಚೆ ದೀಪ ಇಡುತ್ತಿದ್ದ ಗೂಡಿನಲ್ಲಿ ಈಗ ಟೇಬಲ್ ಲ್ಯಾಂಪ್, ಪಕ್ಕದ ಗೂಡಿನಲ್ಲಿ ಫೈಲುಗಳು. ಅಜ್ಜಿಯ ಹಳೇ ಇಳಕಲ್ ಸೀರೆಯನ್ನು ಹಾಲ್ ಕಡೆ ಪರದೆ ಮಾಡಿದ್ದೇನೆ, ಮೀಟಿಂಗ್‌ನಲ್ಲಿ ಹಿಂದೆ ಕೆಂಪು ಸೆರಗು ಕಾಣುತ್ತೆ, ಕೆಲಸಕ್ಕಿಂತ ಮೊದಲು ಎಲ್ಲರೂ ಅದನ್ನೇ ವಿಚಾರಿಸುತ್ತಾರೆ. ಜಾಗ ಮನಸ್ಸಿಗೆ ಹಿಡಿಸಿದೆ. ಆದರೆ ಮೂರು ತೊಂದರೆ.

ಮೊದಲನೇದು ದೊಡ್ಡದು. ಮಾರ್ಚ್ ನಡುವಿನಿಂದ ಲ್ಯಾಪ್‌ಟಾಪ್‌ನ ಲೋಹದ ಮೈ ಮೇಲೆ ಬೆರಳು ಆಡಿಸಿದರೆ ಜುಮ್ ಜುಮ್ ಅನ್ನುತ್ತೆ. ಬರಿಗಾಲಲ್ಲಿ ಶಹಾಬಾದ್ ಬಂಡೆ ಮೇಲೆ ಕೂತಾಗ ಜಾಸ್ತಿ, ನೆಲ ಒರೆಸಿದ ಮೇಲೆ ಇನ್ನೂ ಜಾಸ್ತಿ. ಚಪ್ಪಲಿ ಹಾಕಿದರೆ ಇಲ್ಲ, ಚಾರ್ಜರ್ ತೆಗೆದರೂ ಇಲ್ಲ. 1,800 ರೂಪಾಯಿ ಕೊಟ್ಟು ಹೊಸ ಚಾರ್ಜರ್ ತಂದೆ, ಮತ್ತೆ ಅದೇ ಕಥೆ.

ಎರಡನೇದು, ಮನೆಯಲ್ಲಿ ಇನ್ವರ್ಟರ್ ಇದೆ, ರೂಟರ್ ಅದರ ಲೈನಲ್ಲೇ ಇದೆ. ಆದರೂ ಕರೆಂಟ್ ಹೋದ ಕೂಡಲೇ ರೂಟರ್ ಆಫ್ ಆಗಿ ಆನ್ ಆಗುತ್ತೆ, ಮೂರು ನಿಮಿಷ ನೆಟ್ ಇಲ್ಲ. ಮೂರನೇದು, ಮೂರೂವರೆ ಆದ ಮೇಲೆ ಪಡುವಣ ಬಿಸಿಲು ನೇರ ಸ್ಕ್ರೀನಿಗೇ ಹೊಡೆಯುತ್ತೆ.

ಕೊಪ್ಪಳದ ಹುಡುಗ

ಚಾರ್ಜರ್ ಒರಿಜಿನಲ್ಲಾ ನೋಡಿ ಅಕ್ಕಾ. ನನಗೂ ಒಮ್ಮೆ ಹೀಗೆ ಆಗಿತ್ತು. ಕಾಲ ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಕಿಕೊಂಡೆ, ಅಲ್ಲಿಗೆ ಮುಗಿಯಿತು. 150 ರೂಪಾಯಿ ಖರ್ಚು.

ಗಂಗಾವತಿ ವೈರ್‌ಮನ್

ತಮ್ಮಾ, ಮ್ಯಾಟ್ ಹಾಕಿದರೆ ಜುಮ್ ನಿಲ್ಲುತ್ತೆ, ರೋಗ ನಿಲ್ಲಲ್ಲ. ಜ್ವರ ಬಂದರೆ ಥರ್ಮಾಮೀಟರ್ ಒಡೆದ ಹಾಗೆ ಆಯಿತು.

ಅಕ್ಕಾ, ಎರಡು ಚಾರ್ಜರ್‌ನಲ್ಲೂ ಹಾಗೇ ಆಗುತ್ತೆ ಅಂದರೆ ಚಾರ್ಜರ್‌ದು ತಪ್ಪಲ್ಲ. ಅದರೊಳಗೆ ಪುಟ್ಟ ಕೆಪಾಸಿಟರ್ ಇರುತ್ತೆ, ಕರೆಂಟಿನ ಗಲಾಟೆ ಸೋಸೋದಕ್ಕೆ. ಅದರ ಮೂಲಕ ಚೂರೇ ಚೂರು ಕರೆಂಟ್ ಲ್ಯಾಪ್‌ಟಾಪಿನ ಮೈಗೆ ಸೋರುತ್ತಲೇ ಇರುತ್ತೆ, ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆ. ಮೂರನೇ ಪಿನ್ ಇರೋದೇ ಅದನ್ನು ನೆಲಕ್ಕೆ ಇಳಿಸೋದಕ್ಕೆ, ಅದಕ್ಕೇ ಅರ್ಥ್ ಅನ್ನೋದು. ಆ ದಾರಿ ಮುಚ್ಚಿದ್ದರೆ ಅದು ನಿಮ್ಮ ಬೆರಳು, ನಿಮ್ಮ ಕಾಲು, ನಿಮ್ಮ ಬಂಡೆ ಅಂತ ದಾರಿ ಮಾಡಿಕೊಳ್ಳುತ್ತೆ.

ಕೆಲವು ಪ್ರಶ್ನೆ. ಚಾರ್ಜರ್ ಪ್ಲಗ್ ಎರಡು ಪಿನ್ನೋ ಮೂರೋ? ನಡುವೆ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದರ ವೈರ್ ಒಳಗೆ ಮೂರು ಎಳೆ ಇವೆಯಾ? ಅಗ್ಗದ ಬಾಕ್ಸ್‌ಗಳಲ್ಲಿ ಮೂರು ತೂತು ಕೊರೆದು ಎರಡೇ ಎಳೆ ಎಳೆದಿರುತ್ತಾರೆ. ಫ್ರಿಜ್, ವಾಷಿಂಗ್ ಮಷೀನ್ ಮುಟ್ಟಿದಾಗಲೂ ಹೀಗೆ ಆಗುತ್ತಾ? ಇದು ಸರಿ ಆಗೋವರೆಗೆ ಚಾರ್ಜ್ ಮಾಡಿಕೊಂಡು ಪ್ಲಗ್ ತೆಗೆದೇ ಕೆಲಸ ಮಾಡಿ.

ಇನ್ನೊಂದು, ಯಾರಾದರೂ ಬಂದು ಫೇಸ್‌ಗೂ (ಕರೆಂಟ್ ಬರೋ ವೈರ್) ಅರ್ಥ್‌ಗೂ ಬಲ್ಬ್ ಕೊಟ್ಟು ನೋಡೋಣ ಅಂದರೆ ಒಪ್ಪಬೇಡಿ. ಅರ್ಥ್ ವೈರ್ ಎಲ್ಲೋ ತುಂಡಾಗಿದ್ದರೆ ಆ ಬಲ್ಬಿನ ಮೂಲಕ ಫೇಸ್ ಕರೆಂಟ್ ಮನೆಯ ಎಲ್ಲಾ ಲೋಹದ ಮೈಗೂ ಹೋಗುತ್ತೆ. ಅದೇ ಹೊತ್ತಿಗೆ ಒಳಗೆ ಯಾರಾದರೂ ಫ್ರಿಜ್ ಬಾಗಿಲು ಹಿಡಿದಿದ್ದರೆ? ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಗೆ ಮಾಡಿ ಬೈಸಿಕೊಂಡಿದ್ದೆ, ಹೊಡೆಸಿಕೊಳ್ಳದೆ ಉಳಿದದ್ದೇ ಪುಣ್ಯ.

ಪಡಸಾಲೆ ಮೂಲೆ, ಬಳ್ಳಾರಿ

ಮೂರು ಪಿನ್ನೇ ಅಣ್ಣಾ, ಬಾಕ್ಸ್ ಬಿಟ್ಟು ನೇರ ಗೋಡೆಗೆ ಹಾಕಿದರೂ ಹಾಗೇ. ಫ್ರಿಜ್ ವಿಷಯ ಕೇಳಿದ್ದು ಒಳ್ಳೇದಾಯಿತು. ಒಂದು ತಿಂಗಳಿಂದ ನಮ್ಮ ಅತ್ತೆ "ಫ್ರಿಜ್ ಹಿಡಿಕೆ ಹಿಡಿದರೆ ಕೈಗೆ ಇರುವೆ ಹರಿದಂಗ ಆಗ್ತದ" ಅನ್ನುತ್ತಿದ್ದರು. ಅವರಿಗೆ ಶುಗರ್ ಇದೆ, ಅದಕ್ಕೇ ಕೈ ಜೋಮು ಅಂತ ನಾವೆಲ್ಲ ಸುಮ್ನೆ ಬಿಟ್ಟಿದ್ದೆವು. ಈಗ ಅವರ ಮುಖ ನೋಡೋಕೆ ನಾಚಿಕೆ ಆಗುತ್ತಿದೆ.

ಗಂಗಾವತಿ ವೈರ್‌ಮನ್

ಹಂಗಾದರೆ ಇಡೀ ಮನೆಯ ಅರ್ಥಿಂಗ್ ಹೋಗಿದೆ. ಎಲ್ಲಾ ಸಾಮಾನಿನ ಸೋರಿಕೆ ಒಂದೇ ಅರ್ಥ್ ವೈರಿಗೆ ಬಂದು ನಿಂತಿದೆ. ಇದನ್ನು ಮುಂದೂಡಬೇಡಿ. ಈಗ ಸೋರುತ್ತಿರೋದು ಚೂರು ಕರೆಂಟ್. ನಾಳೆ ವಾಷಿಂಗ್ ಮಷೀನಿನ ಒಳಗೆ ಫೇಸ್ ವೈರ್ ಮೈಗೆ ತಾಗಿದರೆ ಫ್ಯೂಸ್ ಹಾರಬೇಕು, ಅರ್ಥ್ ಇಲ್ಲದಿದ್ದರೆ ಹಾರಲ್ಲ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರೆಸಿ, ಮಲ್ಟಿಮೀಟರ್‌ನಲ್ಲಿ ಮೂರು ಲೆಕ್ಕ ತೆಗೆಯೋಕೆ ಹೇಳಿ. ಫೇಸ್–ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್, ಅದಕ್ಕಿಂತ ಜಾಸ್ತಿ ಇರಬಾರದು. ಆಮೇಲೆ ಅರ್ಥ್ ಗುಂಡಿ, ಅಂದರೆ ಅರ್ಥ್ ವೈರ್ ನೆಲಕ್ಕೆ ಇಳಿಯೋ ಜಾಗ, ಎಲ್ಲಿದೆ ಅಂತ ಮನೆ ಹಿರಿಯರನ್ನು ಕೇಳಿ. ಹಳೇ ಮನೆಗಳಲ್ಲಿ ಅದೇ ಅರ್ಧ ಕೆಲಸ. ನಾನು ದೇವರ ಕಟ್ಟೆ ಕೆಳಗೂ ಒಂದು ಕಂಡಿದ್ದೇನೆ.

ರಾಯಚೂರು ಬಿಸಿಲು

ಅರ್ಥಿಂಗ್ ಅವರು ನೋಡಿಕೊಳ್ಳಲಿ, ನಾನು ಉಳಿದೆರಡು ಹೇಳುತ್ತೇನೆ. ನಮ್ಮ ಕಡೆ ಎರಡೇ ಕಾಲ, ಬೇಸಿಗೆ ಮತ್ತೆ ಸುಡುಬೇಸಿಗೆ, ಹಾಗಾಗಿ ಇವೆರಡರಲ್ಲಿ ಡಿಗ್ರಿ ತೆಗೆದುಕೊಂಡಿದ್ದೇನೆ.

ನಿಮ್ಮ ಇನ್ವರ್ಟರ್ ಹಿಂದೆಯೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಹೊಸದಾಗಿ ಕೂರಿಸಿ ಹೋಗೋರು ಸಾಮಾನ್ಯವಾಗಿ ನಾರ್ಮಲ್‌ನಲ್ಲೇ ಬಿಟ್ಟು ಹೋಗುತ್ತಾರೆ. ಅದರಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ದಾಟೋಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತೆ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗಲ್ಲ, ರೂಟರ್ ಮಾತ್ರ ಅಷ್ಟರಲ್ಲೇ ಕಣ್ಣು ಮುಚ್ಚಿರುತ್ತೆ. ಯುಪಿಎಸ್ ಕಡೆ ತಳ್ಳಿ ನೋಡಿ. ಒಂದು ತೊಡಕಿದೆ, ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಹತ್ತಿರ ಇಳಿದರೂ ಅದು ಬ್ಯಾಟರಿಗೆ ಹಾರಿಬಿಡುತ್ತೆ. ಬೇಸಿಗೆ ಸಂಜೆ ನಿಮ್ಮ ಬೀದಿಯಲ್ಲಿ ವೋಲ್ಟೇಜ್ ಕುಗ್ಗುತ್ತಿದ್ದರೆ ಬ್ಯಾಟರಿ ಸುಮ್ನೆ ಖಾಲಿ ಆಗುತ್ತೆ. ಹಾಗಾದರೆ ರೂಟರ್‌ಗೆ ಅಂತಲೇ ಸಿಗೋ ಮಿನಿ ಯುಪಿಎಸ್ ತನ್ನಿ. ತರೋ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಬರೆದಿರೋದು ಓದಿ, ಬಹಳಷ್ಟು 12 ವೋಲ್ಟ್, 1 ಅಥವಾ 2 ಆಂಪಿಯರ್ ಇರುತ್ತವೆ. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು, ಇಲ್ಲಾಂದರೆ ವೈಫೈ ಇರುತ್ತೆ, ನೆಟ್ ಇರಲ್ಲ.

ಬಿಸಿಲಿಗೆ ಒಳಗೆ ಪರದೆ ಹಾಕಿದರೆ ಪ್ರಯೋಜನ ಕಡಿಮೆ, ಬಿಸಿ ಆಗಲೇ ಮನೆ ಒಳಗೆ ಬಂದಾಯಿತಲ್ಲ. ಹೊರಗಡೆ, ಗೋಡೆಯಿಂದ ಒಂದಡಿ ಮುಂದೆ ಬಿದಿರಿನ ತಟ್ಟಿ ಇಳಿಬಿಡಿ. ಟೇಬಲ್ ತಿರುಗಿಸಿ, ಬೆಳಕು ಪಕ್ಕದಿಂದ ಬರಬೇಕು, ಬೆನ್ನ ಹಿಂದಿನಿಂದಲೂ ಬೇಡ, ಕಣ್ಣ ಮುಂದೆಯೂ ಬೇಡ. ಸೆಕೆಗೆ ಎಸಿ ಸಾಲ ಮಾಡಬೇಡಿ. ನಮ್ಮದು ಒಣ ಹವೆ, ಇಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರಿನವರಿಗೆ ಆ ಭಾಗ್ಯ ಇಲ್ಲ. ಒಂದೇ, ಗಾಳಿ ಹೊರಗೆ ಹೋಗೋಕೆ ಎದುರಿಗೆ ಒಂದು ಕಿಟಕಿ ತೆರೆದಿರಬೇಕು, ಮುಚ್ಚಿಟ್ಟರೆ ಮಧ್ಯಾಹ್ನಕ್ಕೆ ಮೈಯೆಲ್ಲ ಅಂಟಂಟು. ಬೋರ್ ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಆಗಾಗ ತೊಳೀರಿ.

ಹಳೇ ಟೈಲರ್, ಬಳ್ಳಾರಿ

ಯಾರೂ ಟೇಬಲ್ ಬಗ್ಗೆ ಮಾತಾಡಲಿಲ್ಲ. ಸೊಂಟ ಹೋಗಿದೆ ಅಂದರಲ್ಲ, ಟೇಬಲ್ ಯಾವುದು ತಂಗಿ?

ಪಡಸಾಲೆ ಮೂಲೆ, ಬಳ್ಳಾರಿ

ಹಳೇ ಬಾಗಿಲ ಹಲಗೆ, ಕೆಳಗೆ ಎರಡು ಕಡೆ ಸಿಮೆಂಟ್ ಇಟ್ಟಿಗೆ. ಎತ್ತರ 30 ಇಂಚು. ನಾನು ಐದಡಿ ಎರಡಿಂಚು. ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಂಡರೆ ಕಾಲು ನೆಲಕ್ಕೆ ಎಟುಕಲ್ಲ, ದಿಂಬು ತೆಗೆದರೆ ಭುಜ ಕಿವಿ ಹತ್ತಿರ ಬರುತ್ತೆ.

ಹಳೇ ಟೈಲರ್, ಬಳ್ಳಾರಿ

ಅದಕ್ಕೇ ಕೇಳಿದ್ದು. ನಮ್ಮೂರಲ್ಲಿ ಜೀನ್ಸ್ ಹೊಲಿಯೋರು ಎಲ್ಲ ಮೋಟರ್ ಮಷೀನಿಗೆ ಹೋದರು, ಕಾಲಲ್ಲಿ ತುಳಿಯೋ ಮಷೀನಿನ ಬೀಡುಕಬ್ಬಿಣದ ಸ್ಟ್ಯಾಂಡ್ ಗುಜರಿಯಲ್ಲಿ ಕೇಜಿ ಲೆಕ್ಕದಲ್ಲಿ ಸಿಗುತ್ತೆ. ನಿಮ್ಮ ಹಲಗೆಯನ್ನು ಅದರ ಮೇಲೆ ಬೋಲ್ಟ್ ಮಾಡಿಸಿ. ಅದರ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಕೆಳಗೆ ತುಳಿಯೋ ಹಲಗೆ ಇರುತ್ತಲ್ಲ, ನಿಮ್ಮ ಕಾಲಿಗೆ ಅದೇ ಜಾಗ. ದಿಂಬು ಹಾಕಿ ಎತ್ತರ ಕೂತರೂ ಕಾಲು ಜೋತಾಡಲ್ಲ. ಚಕ್ರ, ಬೆಲ್ಟ್ ಕಳಚಿಸಿ, ಮಕ್ಕಳು ಬೆರಳು ಸಿಕ್ಕಿಸಿಕೊಳ್ಳುತ್ತಾರೆ. ನಾನು 30 ವರ್ಷ ಅದರ ಮುಂದೆ ಕೂತವನು, ಮೊಣಕೈ ಟೇಬಲ್ ಮಟ್ಟಕ್ಕೆ ಬರಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಲ್ಯಾಪ್‌ಟಾಪನ್ನು ರೊಟ್ಟಿ ಡಬ್ಬಿ ಮೇಲಿಡಿ, ಟೈಪ್ ಮಾಡೋಕೆ ಬೇರೆ ಕೀಬೋರ್ಡ್ ತನ್ನಿ.

ಗಂಗಾವತಿ ವೈರ್‌ಮನ್

ಒಳ್ಳೇ ಐಡಿಯಾ. ಆದರೆ ಅರ್ಥಿಂಗ್ ಸರಿ ಆಗೋವರೆಗೆ ಕಬ್ಬಿಣದ ಸ್ಟ್ಯಾಂಡ್ ತರಬೇಡಿ. ಬರಿಗಾಲು ಕಬ್ಬಿಣದ ಮೇಲೆ, ಕೈ ಲ್ಯಾಪ್‌ಟಾಪ್ ಮೇಲೆ, ಬೇಡವೇ ಬೇಡ.

ಪಡಸಾಲೆ ಮೂಲೆ, ಬಳ್ಳಾರಿ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಾರಣ ಸಿಕ್ಕಿತು.

ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟರು. ಫೇಸ್–ನ್ಯೂಟ್ರಲ್ 228. ಫೇಸ್–ಅರ್ಥ್ 140. ನ್ಯೂಟ್ರಲ್–ಅರ್ಥ್ 88! ಅವರು ಮೀಟರ್ ತಟ್ಟಿ ಮತ್ತೊಮ್ಮೆ ನೋಡಿದರು, ಅದೇ ಬಂತು. ಗುಂಡಿ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ. ಮಾವ ಮಧ್ಯಾಹ್ನ ಎಲ್ಲ ಯೋಚನೆ ಮಾಡಿ, ಸಂಜೆ ಚಹಾ ಕುಡಿಯುವಾಗ "ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಏನೋ ಪೈಪ್ ಹೂತಿದ್ದರು" ಅಂದರು.

ಕಲ್ಲು ಸರಿಸಿ ಒಂದಡಿ ಅಗೆದರೆ ಪೈಪ್ ಬಾಯಿ ಸಿಕ್ಕಿತು. ವೈರ್ ಬಿಗಿದಿದ್ದ ಕ್ಲಾಂಪ್ ತುಕ್ಕು ಹಿಡಿದು ಕೈಯಲ್ಲೇ ಪುಡಿ ಆಯಿತು, ವೈರ್ ಮಣ್ಣಿನಲ್ಲಿ ಸುಮ್ನೆ ಮಲಗಿತ್ತು. ಮಣ್ಣು ಮಾತ್ರ ಬೂದಿಯಷ್ಟು ಒಣ. ಎಲೆಕ್ಟ್ರಿಷಿಯನ್ ಕೇಳಿದರು, ಈ ಕಲ್ಲಿನ ಮೇಲೆ ಬಟ್ಟೆ ಒಗೆಯೋದು ಯಾವಾಗ ಬಿಟ್ಟಿರಿ? ಹೋದ ದೀಪಾವಳಿಗೆ ವಾಷಿಂಗ್ ಮಷೀನ್ ತಂದಿದ್ದೆವು. ಅಲ್ಲಿಯವರೆಗೆ ಅತ್ತೆ ದಿನಾ ನಾಲ್ಕು ಬಕೆಟ್ ನೀರು ಅಲ್ಲೇ ಚೆಲ್ಲುತ್ತಿದ್ದರು. ಆ ತೇವದಲ್ಲೇ ವೈರು ಮಣ್ಣಿಗೆ ಹೇಗೋ ಅಂಟಿಕೊಂಡು ಕೆಲಸ ನಡೆಸಿತ್ತು. ನೀರು ನಿಂತಿತು, ಚಳಿಗಾಲ ಹೇಗೋ ದಾಟಿತು, ಮಾರ್ಚ್ ಬಿಸಿಲಿಗೆ ಮಣ್ಣು ಒಣಗಿ ಸಂಬಂಧ ಕಡಿದುಹೋಯಿತು. ಇಷ್ಟು ವರ್ಷ ಇಡೀ ಮನೆಯ ಅರ್ಥಿಂಗ್ ನಡೆಸಿದ್ದು ಅತ್ತೆಯ ಸೋಪಿನ ನೀರು ಅಂದಾಯಿತು. ಅತ್ತೆಗೆ ಹೇಳಿದರೆ "ಹಂಗಾದ್ರ ನನ್ನ ಶುಗರ್‌ದು ತಪ್ಪಿಲ್ಲ ಅಂತಾಯ್ತು" ಅಂದು ಮುಖ ತಿರುಗಿಸಿದರು.

ಈಗ ಹೊಸದಾಗಿ ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಇಳಿಸಿದ್ದಾರೆ, ಸುತ್ತ ಇದ್ದಿಲು, ಉಪ್ಪು. ಮೇಲೆ ಸಣ್ಣ ಇಟ್ಟಿಗೆ ಗೂಡು ಕಟ್ಟಿ ಮುಚ್ಚಳ ಇಟ್ಟಿದ್ದಾರೆ, ಕ್ಲಾಂಪ್ ಕಣ್ಣಿಗೆ ಕಾಣುತ್ತೆ. ನ್ಯೂಟ್ರಲ್–ಅರ್ಥ್ ಈಗ 2 ವೋಲ್ಟ್. ಮೇನ್ ಬೋರ್ಡ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯೋ ಸ್ವಿಚ್, ಹಾಕಿಸಿದೆ. ಜುಮ್ ಪೂರ್ತಿ ನಿಂತಿದೆ. ಇನ್ವರ್ಟರ್ ಸ್ವಿಚ್ ನಿಜವಾಗಿಯೂ ನಾರ್ಮಲ್‌ನಲ್ಲೇ ಇತ್ತು, ತಳ್ಳಿದ ಮೇಲೆ ರೂಟರ್ ಒಮ್ಮೆಯೂ ಬಿದ್ದಿಲ್ಲ. ತಟ್ಟಿಯೂ ಬಂತು.

ಗಂಗಾವತಿ ವೈರ್‌ಮನ್

ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಹಾಕಿ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ತೊಳೆಯುವಾಗ ಕ್ಲಾಂಪ್ ನೋಡಿ, ಉಪ್ಪು ಇದ್ದಲ್ಲಿ ತುಕ್ಕು ಬೇಗ. ಈಗ ಸ್ಟ್ಯಾಂಡ್ ತರಬಹುದು.

ಪಡಸಾಲೆ ಮೂಲೆ, ಬಳ್ಳಾರಿ

ತಂದಾಯಿತು ಅಣ್ಣಾ. ಅದರ ಮುಂದೆ ಕೂತೇ ಇದನ್ನು ಬರೆದದ್ದು. ಆದರೆ ಯೋಚನೆ ಮಾಡುತ್ತಾ ಕಾಲು ತಾನಾಗೇ ತುಳಿಯೋಕೆ ಶುರು ಮಾಡುತ್ತೆ, ಅದು ಕಿರ್ರ್ ಅನ್ನುತ್ತೆ, ಇವತ್ತು ಮೀಟಿಂಗ್‌ನಲ್ಲಿ ಮ್ಯಾನೇಜರ್ "ಏನದು ಸೌಂಡ್, ಬಾಗಿಲಾ?" ಅಂತ ಕೇಳಿದರು. ಕೊಬ್ಬರಿ ಎಣ್ಣೆ ಬಿಡಲಾ?

ಹಳೇ ಟೈಲರ್, ಬಳ್ಳಾರಿ

ಕೊಬ್ಬರಿ ಎಣ್ಣೆ ಬೇಡ ತಂಗಿ, ಧೂಳು ಕೂತು ಅಂಟಾಗುತ್ತೆ, ನಮ್ಮೂರ ಕೆಂಪು ಧೂಳು ಗೊತ್ತಲ್ಲ. ಮಷೀನ್ ಎಣ್ಣೆ, ಎರಡೂ ಕಡೆ ಮೊಳೆಗೆ ಎರಡೆರಡು ಹನಿ.