5 ಕೆಜಿ ಹೆಣ್ಣು ನಾಯಿ, 32 ಕೆಜಿ ಗಂಡು ನಾಯಿ: ಕ್ರಾಸ್ ಮಾಡಿಸಬಹುದಾ?

ಕಾಡುಮಲ್ಲಿಗೆ: ನಮ್ಮ ಪಾಮ್ (ಪೊಮೆರೇನಿಯನ್) ಮಿಕ್ಸ್ ಹೆಣ್ಣಿಗೆ ಮೂರು ವರ್ಷ, ತೂಕ 5 ಕೆಜಿ. ತಂಗಿ ಮನೆಯ ಲ್ಯಾಬ್ (ಲ್ಯಾಬ್ರಡಾರ್) ಮಿಕ್ಸ್ ಗಂಡು 32 ಕೆಜಿ. ಎರಡೂ ಸಾಧು, ಸಿಕ್ಕಿದಾಗೆಲ್ಲ ಒಟ್ಟಿಗೇ ಮಲಗುತ್ತವೆ. ಒಂದೇ ಒಂದು ಸಲ ಮರಿ ಹಾಕಿಸೋಣ ಅಂತ ಮನೆಯವರ ಆಸೆ. ಗಾತ್ರ ಇಷ್ಟು ಬೇರೆ ಇದ್ದರೆ ತೊಂದರೆ ಆಗುತ್ತಾ?

ಬಾಲಡೊಂಕು: ಆಗುತ್ತೆ. ಬೇಡ. ಮರಿ ಬೇಕಿದ್ದರೆ ತಂದು ಸಾಕಿ.

ನೇರಮಾತು: ಸುಮ್ನೆ ಹೆದರಿಸಬೇಡಿ. ತಾಯಿಯ ಗರ್ಭ ತನಗೆ ತಕ್ಕಷ್ಟೇ ಮರಿ ಬೆಳೆಸುತ್ತದೆ. ಇದು ನನ್ನ ಕಲ್ಪನೆ ಅಲ್ಲ. ದೈತ್ಯ ಶೈರ್ ಕುದುರೆ ಮತ್ತು ಪುಟ್ಟ ಶೆಟ್ಲೆಂಡ್ ಪೋನಿ, ಇವೆರಡನ್ನೂ ಅದಲುಬದಲು ಮಾಡಿ ಕ್ರಾಸ್ ಮಾಡಿಸಿದ ಪ್ರಯೋಗ ಇದೆ. ವಾಲ್ಟನ್ ಮತ್ತು ಹ್ಯಾಮಂಡ್ 1938ರಲ್ಲಿ ಅದನ್ನು ಪ್ರಕಟಿಸಿದರು. ಶೈರ್ ತಾಯಿಗೆ ಹುಟ್ಟಿದ ಮರಿ, ಪೋನಿ ತಾಯಿಗೆ ಹುಟ್ಟಿದ್ದರ ಸುಮಾರು ಮೂರು ಪಟ್ಟು ತೂಕ ಇತ್ತು. ಅಪ್ಪ ಎಷ್ಟೇ ದೊಡ್ಡವನಿರಲಿ, ಪೋನಿಯ ಹೊಟ್ಟೆಯಲ್ಲಿ ಬೆಳೆದದ್ದು ಪೋನಿಗೆ ಹೊಂದುವ ಮರಿಯೇ. ನಾಯಿಗೆ ಬೇರೆ ನಿಯಮವಾ?

ವೆಟ್ ಅಕ್ಕ: ಕುದುರೆ ಪ್ರಯೋಗ ನಿಜ. ನಾನೂ ಕಾಲೇಜಿನಲ್ಲಿ ಓದಿದ್ದೇನೆ. ತಾಯಿಯ ದೇಹ ಬ್ರೇಕ್ ಹಾಕುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ನಾಯಿಯಲ್ಲಿ ಆ ಬ್ರೇಕ್ ಎಷ್ಟು ಹಿಡಿಯುತ್ತದೆ ಅನ್ನುವುದು ಮರಿಗಳ ಸಂಖ್ಯೆಯ ಮೇಲೂ ನಿಂತಿದೆ. ಐದು ಮರಿ ಇದ್ದರೆ ಜಾಗ, ರಕ್ತ, ಆಹಾರ ಎಲ್ಲ ಐದು ಪಾಲು. ಒಂದೇ ಇದ್ದರೆ ಎಲ್ಲವೂ ಅದಕ್ಕೇ. ಸಣ್ಣ ನಾಯಿಗಳು ಹಾಕುವುದೇ ಕಡಿಮೆ ಮರಿ, ಒಂದೋ ಎರಡೋ ಆಗುವುದು ಅಪರೂಪ ಅಲ್ಲ. ಅಪ್ಪ ಸಣ್ಣದಿದ್ದಾಗಲೇ ಒಂಟಿ ಮರಿ ದಪ್ಪ ಆಗಿ ಸಿಕ್ಕಿಕೊಳ್ಳುವುದುಂಟು. ಅದಕ್ಕೆ ದೊಡ್ಡ ಅಪ್ಪನ ಬೆಳವಣಿಗೆಯ ಜೀನೂ ಸೇರಿದರೆ?

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಹೆರಿಗೆ ಶುರುವಾಗಲು ಸೂಚನೆ ಹೋಗುವುದು ಮರಿಗಳಿಂದ. ಒಂಟಿ ಮರಿ ಕೊಡುವ ಸೂಚನೆ ಕೆಲವು ಸಲ ಸಾಲುವುದಿಲ್ಲ. ಅಂಡ ಬಿಡುಗಡೆಯಾಗಿ ಸುಮಾರು 63 ದಿನಕ್ಕೆ ಆಗಬೇಕಾದ ಹೆರಿಗೆ ಮುಂದೆ ಹೋಗುತ್ತದೆ. ಒಳಗೆ ಮರಿ ಇನ್ನೂ ದಪ್ಪ ಆಗುತ್ತಾ ಇರುತ್ತದೆ. ಸೊಂಟದ ಮೂಳೆಯ ದಾರಿ ಮಾತ್ರ ಇದ್ದಷ್ಟೇ ಇರುತ್ತದೆ.

ನೇರಮಾತು: ಅಂದರೆ ಒಂಟಿ ಮರಿ ಆದರೆ ಮಾತ್ರ ಅಪಾಯ. ಆಗ ಸಿಸೇರಿಯನ್ ಮಾಡಿಸಿದರಾಯ್ತು. ಬುಲ್‌ಡಾಗ್‌ಗಳಿಗೆಲ್ಲ ಅದೇ ತಾನೇ?

ವೆಟ್ ಅಕ್ಕ: "ಮಾತ್ರ" ಅಂತ ನಾನು ಹೇಳಿಲ್ಲ. ನಾಲ್ಕು ಮರಿಯಲ್ಲಿ ಒಂದರ ತಲೆ ದಪ್ಪ ಇದ್ದರೂ, ಅದು ಅಡ್ಡ ಬಂದು ನಿಂತರೆ ಹಿಂದಿನವೂ ಒಳಗೇ ಉಳಿಯುತ್ತವೆ. ಬುಲ್‌ಡಾಗ್ ಬಗ್ಗೆ ಹೇಳಬೇಕಂದರೆ, ಬ್ರಿಟನ್‌ನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅವುಗಳ ಸೂಲುಗಳಲ್ಲಿ ಶೇ 86ರಷ್ಟು ಸಿಸೇರಿಯನ್. ದಯವಿಟ್ಟು ಅದನ್ನು ಮಾದರಿ ಅಂತ ತೋರಿಸಬೇಡಿ. ಅದು ನಾವು ಮನುಷ್ಯರು ಮಾಡಿದ ಎಡವಟ್ಟು.

ಮೂಗುಬೊಟ್ಟು: ನಮ್ಮದು 4 ಕೆಜಿ ಹೆಣ್ಣು. ಗೇಟು ತೆರೆದಿತ್ತು, ಆಗಿಹೋಯ್ತು. ಗಂಡು ಯಾವುದು ಅಂತ ನೋಡಿದ್ದೆವು, ದೊಡ್ಡದೇ. ಎರಡೇ ಮರಿ. ರಾತ್ರಿ ಹತ್ತಕ್ಕೆ ತಿಣುಕಲು ಶುರು ಮಾಡಿತು. ನಾಯಿಗಳು ತಾವೇ ಹೆರುತ್ತವೆ, ಮುಟ್ಟಬೇಡಿ ಅಂತ ಎಲ್ಲರೂ ಹೇಳಿದ್ದರು. ಮುಟ್ಟಲಿಲ್ಲ. ಹನ್ನೆರಡರ ಹೊತ್ತಿಗೆ ಹಸಿರು ನೀರು ಕಂಡಿತು. ಅದೂ ಮಾಮೂಲಿ ಇರಬೇಕು ಅಂದುಕೊಂಡೆವು. ಬೆಳಿಗ್ಗೆ ಆಪರೇಷನ್ ಆಯ್ತು. ಒಂದು ಮರಿ ಸತ್ತೇ ಬಂತು. ಇನ್ನೊಂದು ಉಳಿಯಿತು. ತಾಯಿಗೆ ಜ್ವರ, ಹಾಲಿಲ್ಲ. ಎರಡು ವಾರ ಎರಡೆರಡು ಗಂಟೆಗೆ ಎದ್ದು ಬಾಟಲಿ ಹಾಲು ಕುಡಿಸಿದೆ. ಉಳಿದ ಮರಿ ಈಗ ಅಮ್ಮನ ಮೂರು ಪಟ್ಟು ಇದೆ. ನೋಡಿದವರು ಎಷ್ಟು ಮುದ್ದಾಗಿದೆ ಅನ್ನುತ್ತಾರೆ.

ಬಾಲಡೊಂಕು: ಹೆರಿಗೆ ತನಕ ಯಾಕೆ ಹೋಗುತ್ತೀರಿ, ಕೂಡುವಾಗಲೇ ಅಪಾಯ ಇದೆ. ನಾಯಿಗಳು ಲಾಕ್ ಆಗುತ್ತವೆ. ಹತ್ತು ನಿಮಿಷದಿಂದ ಅರ್ಧ ಗಂಟೆ ಮಾಮೂಲಿ, ಕೆಲವು ಸಲ ಇನ್ನೂ ಜಾಸ್ತಿ. ಗಂಡು ತಿರುಗಿ ನಿಂತಾಗ 5 ಕೆಜಿ ಹೆಣ್ಣಿನ ಹಿಂಗಾಲು ನೆಲಕ್ಕೆ ತಾಗುತ್ತಾ? ಯಾರೋ ಕೂಗಿ ಗಂಡು ಓಡಿತು ಅಂದರೆ ಇದನ್ನೂ ಎಳೆದುಕೊಂಡೇ ಓಡುತ್ತದೆ. ಒಳಗೆ ಹರಿದು ರಕ್ತ ಬಂದದ್ದನ್ನು ನೋಡಿದ್ದೇನೆ. ನೀರು ಎರಚುವವರು, ಕೋಲು ತೂರಿಸುವವರು ಬೇರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲ್ಲಿ ಬೆಕ್ಕು ಯಾರು ಅಂದರೆ ನಾವೇ.

ಹೊಸಗೂಡು: ತಾಯಿ ದೊಡ್ಡದು, ಅಪ್ಪ ಚಿಕ್ಕದು ಆದರೆ ಸರಿನಾ? ಮಿಶ್ರತಳಿ ಗಟ್ಟಿ ಅಂತ ಬೇರೆ ಹೇಳುತ್ತಾರೆ. ಲ್ಯಾಬ್ರಡಾರ್, ಪೂಡಲ್ ಸೇರಿಸಿ ಮಾಡಿದ ಲ್ಯಾಬ್ರಡೂಡಲ್ ನೋಡಿ.

ವೆಟ್ ಅಕ್ಕ: ಹೆರಿಗೆಯ ಮಟ್ಟಿಗೆ ಅದು ಎಷ್ಟೋ ಸುಲಭ, ದಾರಿ ಅಗಲ ಇರುತ್ತದೆ. ಆದರೆ ಮರಿಯ ದೇಹ ಹೇಗೆ ಬರುತ್ತದೆ ಅನ್ನುವುದು ಲಾಟರಿ. ಡ್ಯಾಷ್‌ಹುಂಡ್ ತರಹದ ಗಿಡ್ಡ ಕಾಲು ಒಂದು ಜೀನಿನ ನಕಲು ಪ್ರತಿಯಿಂದ ಬರುತ್ತದೆ. ಅದೇ ಜೀನಿನ ಇನ್ನೊಂದು ನಕಲು ಪ್ರತಿ ಬೆನ್ನುಮೂಳೆಯ ಡಿಸ್ಕ್ ಬೇಗ ಸವೆಯುವಂತೆ ಮಾಡುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಿಲ್ಲ, ಒಬ್ಬರಿಂದ ಬಂದರೂ ಡಿಸ್ಕ್ ಅಪಾಯ ಇದೆ. ಅಂಥ ಬೆನ್ನಿನ ಮೇಲೆ ಲ್ಯಾಬ್‌ನ ತೂಕ ಕೂತರೆ ಯೋಚಿಸಿ.

ಗಟ್ಟಿತನದ ಮಾತು ಅರ್ಧ ನಿಜ. 2013ರಲ್ಲಿ ಅಮೆರಿಕದ ಡೇವಿಸ್ ವಿಶ್ವವಿದ್ಯಾಲಯದವರು 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 24 ರೋಗಗಳನ್ನು ಹೋಲಿಸಿದರು. 10 ರೋಗ ಶುದ್ಧ ತಳಿಯಲ್ಲಿ ಜಾಸ್ತಿ. 13ರಲ್ಲಿ ವ್ಯತ್ಯಾಸವೇ ಇಲ್ಲ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಮಿಶ್ರತಳಿಯಲ್ಲೇ ಜಾಸ್ತಿ. ಇನ್ನು ಲ್ಯಾಬ್ರಡೂಡಲ್. 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅದನ್ನು ಮಾಡಿದ್ದು ಸ್ಟ್ಯಾಂಡರ್ಡ್ ಪೂಡಲ್ ಜೊತೆ, ಅಂದರೆ ಹೆಚ್ಚುಕಡಿಮೆ ಸರಿಸಮ ಗಾತ್ರ. ಅದರ ಹೆಸರು ಹೇಳಿಕೊಂಡು ಮುಂದೆ ಏನೇನೋ ಶುರುವಾದದ್ದಕ್ಕೆ ಆತನೇ ಪಶ್ಚಾತ್ತಾಪ ಪಟ್ಟಿದ್ದಾನೆ.

ಕಾಡುಮಲ್ಲಿಗೆ: ಒಂದು ವಿಷಯ ಹೇಳಿರಲಿಲ್ಲ. ಕ್ಷಮಿಸಿ. ಈಗಾಗಲೇ ಆಗಿಹೋಗಿದೆ. ಒಂಬತ್ತು ದಿನ ಆಯ್ತು. ಕಾಲು ಗಂಟೆ ಲಾಕ್ ಆಗಿದ್ದವು. ಏನೂ ಆಗಲ್ಲ ಅಂತ ಯಾರಾದರೂ ಹೇಳುತ್ತೀರೇನೋ ಅಂತ ಕೇಳಿದೆ.

ವೆಟ್ ಅಕ್ಕ: ಬೈಯುವುದಿಲ್ಲ. ಒಂಬತ್ತು ದಿನ ಅಂದರೆ ಸಮಯ ಇದೆ. ಬೇಗ ವೈದ್ಯರಿಗೆ ತೋರಿಸಿ. ಗರ್ಭಕೋಶ, ಅಂಡಾಶಯ ತೆಗೆಸುವ ಆಪರೇಷನ್ ಒಂದು ದಾರಿ. ಯಾವ ದಿನ ಮಾಡಬೇಕು ಅಂತ ಅವರು ನೋಡಿ ಹೇಳಬೇಕು. ಆಗ್ಲೆಪ್ರಿಸ್ಟೋನ್ ಅನ್ನುವ ಗರ್ಭಪಾತದ ಔಷಧ ಸಿಗುವ ಕಡೆ ಅದರ ಇಂಜೆಕ್ಷನ್ ಕೊಡುತ್ತಾರೆ, 24 ಗಂಟೆ ಬಿಟ್ಟು ಎರಡು ಸಲ. 45ನೇ ದಿನದವರೆಗೂ ಆಗುತ್ತದೆ, ಆದರೆ ಬೇಗ ಆದಷ್ಟೂ ಒಳ್ಳೆಯದು. ಹಳೆ ಪದ್ಧತಿಯ ಈಸ್ಟ್ರೋಜನ್ ಹಾರ್ಮೋನ್ ಇಂಜೆಕ್ಷನ್ ಯಾರಾದರೂ ಹಾಕುತ್ತೇವೆ ಅಂದರೆ ಬೇಡ ಅನ್ನಿ. ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಜಾಸ್ತಿ.

ಬಾಲಡೊಂಕು: ಬೆದೆ ಪೂರ್ತಿ ಇಳಿಯುವ ತನಕ ಬಾಗಿಲು ಭದ್ರ ಮಾಡಿ. ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟುವುದೂ ಇದೆ.

ಕಾಡುಮಲ್ಲಿಗೆ: ಮನೆಯವರು ಉಳಿಸಿಕೊಳ್ಳೋಣ ಅಂತ ಹಟ ಹಿಡಿದರೆ?

ವೆಟ್ ಅಕ್ಕ: ನನ್ನ ಸಲಹೆ ಬೇಡ ಅಂತಲೇ. ಆದರೂ ಅವರು ಕೇಳದಿದ್ದರೆ, ನಾಲ್ಕು ವಾರಕ್ಕೆ ಸ್ಕ್ಯಾನಿಂಗ್. 55 ದಿನ ದಾಟಿದ ಮೇಲೆ ಎಕ್ಸ್‌ರೇ. ಎಷ್ಟು ಮರಿ, ತಲೆ ಎಷ್ಟು ದಪ್ಪ ಅಂತ ಅದರಲ್ಲಿ ಕಾಣುತ್ತದೆ. ಒಂದೇ ಕಂಡರೆ ಆಪರೇಷನ್‌ಗೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಕೊನೆಯ ವಾರ ದಿನಕ್ಕೆ ಎರಡು ಸಲ ಜ್ವರ ನೋಡಿ. 37 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಜೋರಾಗಿ ಅರ್ಧ ಗಂಟೆ ತಿಣುಕಿದರೂ ಮರಿ ಬರಲಿಲ್ಲ ಅಂದರೆ ಹೊರಡಿ. ಮೊದಲ ಮರಿಗೂ ಮುಂಚೆ ಹಸಿರು ಕಂಡರೆ ಮಾಸು ಬಿಡುತ್ತಿದೆ ಅಂತ ಅರ್ಥ, ಆಗಲೂ ಕಾಯಬೇಡಿ. ಮತ್ತೆ, ಗಬ್ಬದಲ್ಲಿ ಕ್ಯಾಲ್ಸಿಯಂ ಮಾತ್ರೆ ನುಂಗಿಸಬೇಡಿ. ಆಮೇಲೆ ಹಾಲೂಡುವಾಗ ದೇಹ ತನ್ನದೇ ಕ್ಯಾಲ್ಸಿಯಂ ಬಿಡುವುದನ್ನು ಮರೆತು, ಸಣ್ಣ ತಾಯಿ ನಡುಗಿ ಫಿಟ್ಸ್ ಬಂದು ಬೀಳುತ್ತದೆ.

ನೇರಮಾತು: ಕುದುರೆ ಬಗ್ಗೆ ನಾನು ಹೇಳಿದ್ದು ತಪ್ಪಲ್ಲ. ಆದರೆ ಕುದುರೆಗೆ ಸಾಮಾನ್ಯವಾಗಿ ಒಂದೇ ಮರಿ, ನಾಯಿಯಲ್ಲಿ ಎಷ್ಟು ಅಂತ ಮೊದಲೇ ತಿಳಿಯುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ. ನನ್ನ ಮಾತು ನಂಬಿಕೊಂಡು ಕಾಯಬೇಡಿ.

ಕಾಡುಮಲ್ಲಿಗೆ: ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ. ಮಕ್ಕಳು ಆಗಲೇ ಮರಿಗಳಿಗೆ ಹೆಸರು ಹುಡುಕಿ ಇಟ್ಟಿದ್ದಾರೆ. ಅವರಿಗೆ ಏನು ಹೇಳಲಿ ಅಂತ ಗೊತ್ತಾಗುತ್ತಿಲ್ಲ.

ಮೂಗುಬೊಟ್ಟು: ಇದ್ದದ್ದು ಇದ್ದ ಹಾಗೆ ಹೇಳಿ. ಬೇಕಿದ್ದರೆ ನಾವು ಬೆಳಗಿನ ತನಕ ಕಾದ ಕಥೆಯನ್ನೂ ಹೇಳಿ.