ಮನೆ ಮೇಲೆ ಸೋಲಾರ್ ಇದ್ದರೂ ಕರೆಂಟ್ ಹೋದರೆ ಫ್ಯಾನ್ ನಿಲ್ಲುವುದು ಯಾಕೆ?

ಪ್ರಶ್ನೆ (ಹಾಸನ): ಸರ್, ಹೋದ ದೀಪಾವಳಿ ಹೊತ್ತಿಗೆ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಬಿಲ್ ಚೆನ್ನಾಗಿಯೇ ಇಳಿದಿದೆ. ಆದರೆ ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋದಾಗ ನಮ್ಮನೆ ಫ್ಯಾನೂ ನಿಂತಿತು! ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ಉಳಿಯಿತು. “ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?” ಅಂತಾರೆ ನಮ್ಮತ್ತೆ. ಮೋಸ ಹೋದೆವಾ?

ಉತ್ತರ: ಮೋಸ ಅಲ್ಲ ಮೇಡಂ. ಹಾಕಿದವರು ಮೊದಲೇ ಹೇಳಬೇಕಿತ್ತು, ಬಹಳ ಜನ ಹೇಳುವುದಿಲ್ಲ.

ಬಿಸಿಲು ಬಿದ್ದಾಗ ಪ್ಯಾನೆಲ್‌ನಲ್ಲಿ ಹುಟ್ಟುವುದು ಡಿಸಿ ಕರೆಂಟ್, ಅಂದರೆ ಒಂದೇ ದಿಕ್ಕಿಗೆ ಹರಿಯುವುದು. ಮನೆಗೆ ಬೇಕಿರುವುದು ಎಸಿ ಕರೆಂಟ್, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವುದು. ಅದನ್ನು ಬದಲಾಯಿಸುವುದು ಗೋಡೆಗೆ ಹಾಕಿರುವ ಇನ್ವರ್ಟರ್. ನಿಮ್ಮದು ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಕಂಬದಿಂದ ಬರುವ ಲೈನ್‌ಗೆ ಜೋಡಿಸಿರುವುದು. ಅದು ಲೈನ್‌ನಲ್ಲಿ ಬರುವ 50 ಹರ್ಟ್ಸ್ (ಸೆಕೆಂಡಿಗೆ 50 ಸುತ್ತು) ಕರೆಂಟಿನ ತಾಳ ಕೇಳಿಕೊಂಡು ತಾನೂ ಹೆಜ್ಜೆ ಹಾಕುತ್ತದೆ. ತಾಳ ನಿಂತರೆ ಒಂದೆರಡು ಸೆಕೆಂಡಿನಲ್ಲಿ ತಾನೂ ಆಫ್. ಬೇಕಂತಲೇ ಹಾಗೆ ಮಾಡಿರುವುದು. ಕರೆಂಟ್ ಇಲ್ಲ ಅಂದುಕೊಂಡು ಲೈನ್‌ಮನ್ ಕಂಬ ಹತ್ತಿರುತ್ತಾನೆ. ಅದೇ ತಂತಿಗೆ ನಿಮ್ಮ ಸೋಲಾರ್ ಕರೆಂಟ್ ತಳ್ಳಿದರೆ ಅವನ ಗತಿ ಏನು? ಇದನ್ನು ಅತ್ತೆಯವರಿಗೆ ಹೇಳಿ ನೋಡಿ.

ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಕರೆಂಟ್ ಹೋದಾಗಲೂ ನಡೆಯುತ್ತದೆ. ಆದರೆ ಖರ್ಚು ಜಾಸ್ತಿ. ದಿನಕ್ಕೆ ಗಂಟೆ, ಎರಡು ಗಂಟೆ ಹೋಗುವ ಕರೆಂಟಿಗೆ ಸುಮ್ನೆ ಯಾಕೆ? ಮನೆಯಲ್ಲಿರುವ ಹಳೇ ಯುಪಿಎಸ್ ಸಾಕು.

ಪ್ರಶ್ನೆ (ತುಮಕೂರು): ನಮ್ಮದೂ 3 ಕಿಲೋವ್ಯಾಟ್. ಫೆಬ್ರವರಿಯಲ್ಲಿ ದಿನಕ್ಕೆ 13 ಯೂನಿಟ್ ಬರುತ್ತಿತ್ತು. ಏಪ್ರಿಲ್‌ನಲ್ಲಿ ಬಿಸಿಲು ಕೆಂಡದ ಹಾಗಿದೆ, ಯೂನಿಟ್ ಮಾತ್ರ 11. ಪ್ಯಾನೆಲ್ ಕೆಟ್ಟಿದೆಯಾ? ಫೋಟೋ ಹಾಕಿದ್ದೇನೆ.

ಉತ್ತರ: ಕೆಟ್ಟಿಲ್ಲ. ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬಂದರೆ ನಮ್ಮ ಕಡೆ ಸರಿಯಾದ ಲೆಕ್ಕವೇ. ಪ್ಯಾನೆಲ್‌ಗೆ ಬೇಕಿರುವುದು ಬೆಳಕು, ಶಾಖ ಅಲ್ಲ. ಡಬ್ಬದ ಮೇಲೆ ಬರೆದಿರುವ ವ್ಯಾಟ್, ಪ್ಯಾನೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ. 0.35 ಕಮ್ಮಿ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ 40 ಡಿಗ್ರಿ ಹೆಚ್ಚಾಯಿತು, ಅಂದರೆ ಶೇ. 14 ಹೋಯಿತು. ಕೈ ಇಟ್ಟು ನೋಡಲು ಹೋಗಬೇಡಿ, ಸುಡುತ್ತದೆ.

ಇನ್ನು ಫೋಟೋ. ಎಡಗಡೆ ಮೂಲೆಯ ಪ್ಯಾನೆಲ್ ಮೇಲೆ ನೀರಿನ ಟ್ಯಾಂಕ್ ನೆರಳು ಬಿದ್ದಿದೆ, ಗಮನಿಸಿದಿರಾ? “ಒಂದು ಗೇಣು ನೆರಳು ತಾನೇ” ಅನ್ನಬೇಡಿ. ಪ್ಯಾನೆಲ್ ಒಳಗೆ ಕರೆಂಟ್ ಹುಟ್ಟಿಸುವ ಬಿಲ್ಲೆಗಳೆಲ್ಲ (ಸೆಲ್) ಸರಪಳಿಯ ಹಾಗೆ ಒಂದರ ಹಿಂದೊಂದು ಇರುತ್ತವೆ. ಒಂದು ಬಿಲ್ಲೆ ನೆರಳಿಗೆ ಸಿಕ್ಕಿದರೂ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಸುಮ್ಮನಾಗಬಹುದು. ಟ್ಯಾಂಕನ್ನು ಉತ್ತರದ ಕಡೆಗೆ ಸರಿಸಿ. ಧೂಳನ್ನು ಬೆಳಗ್ಗೆ ಬೇಗ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಹಾಕಬೇಡಿ. ಬೋರ್‌ವೆಲ್ ನೀರಾದರೆ ಒಣಗುವ ಮುಂಚೆ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಪ್ರಶ್ನೆ (ಸಕಲೇಶಪುರ): ಸ್ನಾನದ ನೀರಿಗೆ ಪ್ಯಾನೆಲ್ ಹಾಕಿ ಗೀಸರ್ ಓಡಿಸಲಾ, ಸೋಲಾರ್ ವಾಟರ್ ಹೀಟರ್ ಹಾಕಲಾ?

ಉತ್ತರ: ನೀರು ಕಾಯಿಸುವುದಕ್ಕಷ್ಟೇ ಆದರೆ ಹೀಟರ್. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಐದನೇ ಒಂದು ಪಾಲನ್ನಷ್ಟೇ ಕರೆಂಟ್ ಮಾಡುತ್ತದೆ. ಒಳ್ಳೆ ಹೀಟರ್ ಬಿಸಿಲಿದ್ದಾಗ ಅರ್ಧದಷ್ಟನ್ನು ನೀರಿಗೆ ಕೊಡುತ್ತದೆ. ಪಂಪ್ ಕೂಡ ಬೇಡ. ಕಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ.

ಆದರೆ ನಿಮ್ಮೂರಿನ ಮಳೆಗಾಲ ನಿಮಗೇ ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲಿನ ಮುಖವೇ ಅಪರೂಪ. ಬಚ್ಚಲಿನ ಹಂಡೆ ಒಲೆ ಇದ್ದರೆ ದಯವಿಟ್ಟು ಕೆಡವಬೇಡಿ.

ಹಾಸನದವರು: ಸರ್, ಲೈನ್‌ಮನ್ ವಿಷಯ ಹೇಳಿದೆ. ಅತ್ತೆ ಒಪ್ಪಿದರು. “ಸರಿ, ಅವನು ಕಂಬ ಇಳಿಯೋವರೆಗೆ ಚಟ್ನಿ ಯಾರು ರುಬ್ಬುತ್ತಾರೆ?” ಅಂದರು. ಮಿಕ್ಸಿಯನ್ನು ಯುಪಿಎಸ್ ಲೈನ್‌ಗೆ ಹಾಕಿಸಲಾ?

ಉತ್ತರ: ಮಿಕ್ಸಿ ಕೆಳಗೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ, ನೋಡಿ ಹೇಳಿ. ಅದು 750 ಇದ್ದು ಯುಪಿಎಸ್ 900 ವಿಎ (ಯುಪಿಎಸ್ ತಾಕತ್ತಿನ ಅಳತೆ, ವ್ಯಾಟ್ ಲೆಕ್ಕದಲ್ಲಿ ಇನ್ನೂ ಕಮ್ಮಿ) ಆದರೆ ಹಾಕಿಸಬೇಡಿ, ಸ್ವಿಚ್ ತಿರುಗಿಸಿದ ಕೂಡಲೇ ಯುಪಿಎಸ್ ಕೂಗಿಕೊಳ್ಳುತ್ತದೆ.