ಬೌದ್ಧಿಕ ಅಂಗವೈಕಲ್ಯವಿರುವ ಮಗನೊಂದಿಗೆ ಲೈಂಗಿಕ ಒಲವಿನ ಬಗ್ಗೆ ಹೇಗೆ ಮಾತನಾಡಬೇಕು?

ಪ್ರಶ್ನೆ (ತಾಯಿ, ತೀರ್ಥಹಳ್ಳಿ ಸೀಮೆ)

ನನ್ನ ಮಗನಿಗೆ 19 ವರ್ಷ. ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯವಿದ್ದು, ಶಿವಮೊಗ್ಗದ ವೃತ್ತಿ ತರಬೇತಿ ಕೇಂದ್ರವೊಂದಕ್ಕೆ ಹೋಗುತ್ತಾನೆ. ಅಲ್ಲಿ ಜೊತೆಗೆ ಕಲಿಯುವ ಹುಡುಗನ ಹೆಸರನ್ನು ದಿನವಿಡೀ ಹೇಳುತ್ತಿರುತ್ತಾನೆ. ‘ಅವನನ್ನೇ ಮದುವೆಯಾಗುತ್ತೇನೆ’ ಎಂದು ಮೊನ್ನೆ ನೆಂಟರೆದುರಿಗೇ ಹೇಳಿದ. ಅಡಿಕೆ ಸುಲಿಯುವವರು ಜಗಲಿಯಲ್ಲಿ ಕುಳಿತಿರುವಾಗಲೂ ಚಡ್ಡಿಯೊಳಗೆ ಕೈ ಹಾಕಿಕೊಳ್ಳುತ್ತಾನೆ. ಹುಡುಗಿ ನೋಡಿ ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ನಮ್ಮ ಭಾವನವರು ಹೇಳುತ್ತಿದ್ದಾರೆ. ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ 1 (ವಿಶೇಷ ಶಿಕ್ಷಕಿ, ಶಿವಮೊಗ್ಗ)

ಅಮ್ಮಾ, ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಮದುವೆ ಇದಕ್ಕೆ ಔಷಧಿಯಲ್ಲ; ಇನ್ನೊಂದು ಮನೆಯ ಹುಡುಗಿಯ ಬದುಕೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕೈ ಹಾಕಿಕೊಳ್ಳುವ ವಿಷಯದಲ್ಲಿ ಮೊದಲು ಚರ್ಮವನ್ನು ನೋಡಿಸಿ. ನಮ್ಮ ಮಳೆಗಾಲದಲ್ಲಿ ಒಳಉಡುಪು ಸರಿಯಾಗಿ ಒಣಗದೆ ತೊಡೆಸಂದಿಯಲ್ಲಿ ಹುಳುಕಡ್ಡಿ ಹಿಡಿದು ತಿಂಗಳುಗಟ್ಟಲೆ ಉಳಿಯುವುದುಂಟು, ಮತ್ತು ತುರಿಕೆ ಎಂದು ಹೇಳಲು ಬಾರದ ಮಕ್ಕಳು ಕೈಯಿಂದಲೇ ಹೇಳುತ್ತಾರೆ. ಅದಲ್ಲವಾದರೆ, ಹಸ್ತಮೈಥುನ ಆ ವಯಸ್ಸಿಗೆ ಸಹಜ; ಕಲಿಸಬೇಕಾದದ್ದು ಜಾಗವನ್ನು ಮಾತ್ರ. ನಿಮ್ಮ ಮನೆಯದ್ದೇ ಫೋಟೋಗಳನ್ನು ತೆಗೆದು ಜಗಲಿ, ಅಂಗಳ, ಬಸ್ಸು ಎಲ್ಲರ ಜಾಗವೆಂದೂ, ಚಿಲಕ ಹಾಕಿದ ಅವನ ಕೋಣೆ ಅವನೊಬ್ಬನ ಜಾಗವೆಂದೂ ವಿಂಗಡಿಸಲು ಹೇಳಿ. ಅವನು ಚಿಲಕ ಹಾಕಿದಾಗ ಮನೆಯವರೂ ಬಾಗಿಲು ತಟ್ಟದೆ ಒಳಗೆ ಹೋಗಬಾರದು, ಇಲ್ಲವಾದರೆ ಆ ಪಾಠಕ್ಕೆ ಅರ್ಥವೇ ಇರುವುದಿಲ್ಲ.

ಒಲವಿನ ಮಾತು ಬೇರೆ. ಅಂಗವೈಕಲ್ಯವಿರುವವರಲ್ಲಿಯೂ ಹುಡುಗಿಯರನ್ನು ಇಷ್ಟಪಡುವ, ಹುಡುಗರನ್ನು ಇಷ್ಟಪಡುವ, ಇಬ್ಬರನ್ನೂ ಇಷ್ಟಪಡುವ, ಯಾರನ್ನೂ ಹಾಗೆ ಬಯಸದ ಜನರಿದ್ದಾರೆ. ಅದು ಅಂಗವೈಕಲ್ಯದ ಲಕ್ಷಣವೂ ಅಲ್ಲ, ತಿಳಿವಳಿಕೆಯ ಕೊರತೆಯೂ ಅಲ್ಲ. ‘ಮದುವೆ’ ಎಂದರೆ ಅವನಿಗೆ ಸದಾ ಜೊತೆಗಿರುವುದಷ್ಟೇ ಆಗಿರಬಹುದು, ನಿಜವಾದ ಪ್ರೇಮವೂ ಆಗಿರಬಹುದು. ನೀವೇ ತೀರ್ಮಾನಿಸದೆ, ‘ಅವನ ಜೊತೆ ಇರುವಾಗ ಏನು ಮಾಡಲು ಇಷ್ಟ?’ ಎಂದು ಕೇಳಿ, ಉತ್ತರಕ್ಕೆ ಸಮಯ ಕೊಡಿ. ಚಿತ್ರಗಳನ್ನು ಬಳಸುವಾಗ ಗಂಡು ಹೆಣ್ಣಿನ ಜೋಡಿಯನ್ನಷ್ಟೇ ಇಡಬೇಡಿ. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಂಟಿಯಾಗಿ ನೆಮ್ಮದಿಯಿಂದಿರುವವರೂ ಇರಲಿ. ಚಿತ್ರದಲ್ಲಿ ಇಲ್ಲದ್ದನ್ನು ಅವನು ತೋರಿಸಲಾರ.

ಎಲ್ಲಕ್ಕಿಂತ ಹೆಚ್ಚು ಕಷ್ಟವಾಗುವುದು ಸಮ್ಮತಿಯನ್ನು ಕಲಿಸುವುದು, ಏಕೆಂದರೆ ‘ದೊಡ್ಡವರು ಹೇಳಿದ್ದನ್ನು ಕೇಳು’ ಎಂದು ವರ್ಷಗಟ್ಟಲೆ ಕಲಿಸಿರುತ್ತೇವೆ, ಮತ್ತು ದುರುಪಯೋಗ ಮಾಡುವವರಿಗೆ ಅನುಕೂಲವಾಗುವುದೂ ಅದೇ ವಿಧೇಯತೆ. ಅಂಗಿ ತೊಡಿಸುವಾಗ, ನೆಂಟರು ಕೆನ್ನೆ ಹಿಂಡುವಾಗ ಅವನು ‘ಬೇಡ’ ಎಂದರೆ ಅಲ್ಲಿಗೇ ನಿಲ್ಲಿಸಿ. ತನ್ನ ‘ಬೇಡ’ ನಡೆಯುವುದನ್ನು ಕಂಡವನಿಗೆ ಗೆಳೆಯನ ‘ಬೇಡ’ವನ್ನು ಕೇಳಿಸಿಕೊಳ್ಳುವುದೂ ಬರುತ್ತದೆ.

ಉತ್ತರ 2 (ವಕೀಲ, ಸಾಗರ)

ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿದೆ. ಸಲಿಂಗ ವಿವಾಹಕ್ಕೆ ಮಾತ್ರ 2023ರ ತೀರ್ಪಿನಲ್ಲಿ ಮಾನ್ಯತೆ ಸಿಗಲಿಲ್ಲ. ಮಗ ಕೇಳಿದರೆ ಹಾಗೆಯೇ ಹೇಳಿ. ಆ ಹುಡುಗನಿಗೆ 18 ತುಂಬಿದೆಯೇ ಎಂದು ತಿಳಿದುಕೊಳ್ಳುವುದು ಮುಖ್ಯ, ಏಕೆಂದರೆ ತುಂಬದಿದ್ದಲ್ಲಿ 2012ರ ಪೋಕ್ಸೋ ಕಾಯ್ದೆಯಡಿ ಅವನ ಒಪ್ಪಿಗೆಗೆ ಬೆಲೆಯಿಲ್ಲ. ‘ಒಲವು ಬದಲಿಸುವ ಚಿಕಿತ್ಸೆ’ ಎಂದು ಯಾರಾದರೂ ಹೇಳಿದರೆ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಆ ಹುಡುಗನ ಮನೆಯವರಿಗೂ ವಿಷಯ ತಿಳಿಸಿಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉತ್ತರ 3 (ಆಟಿಸಂ ಇರುವ ತಮ್ಮನ ಅಕ್ಕ, ಹೊಸನಗರ)

ವಕೀಲರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಆ ಮನೆಯವರು ಹೇಗೆ ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ. ಹುಡುಗನನ್ನು ತರಬೇತಿಯಿಂದ ಬಿಡಿಸಿಬಿಟ್ಟರೆ ಇಬ್ಬರೂ ಸ್ನೇಹವನ್ನೇ ಕಳೆದುಕೊಳ್ಳುತ್ತಾರೆ. ಯಾರಿಗೂ ಅಪಾಯವಿಲ್ಲದಿರುವಾಗ, ಯಾರ ಬಳಿ ಹೇಳಬಹುದು, ಯಾರ ಬಳಿ ಬೇಡ ಎಂಬುದನ್ನು ನಿಮ್ಮ ಮಗನನ್ನೇ ಕೇಳಿ. ವಯಸ್ಸನ್ನು ಬೇಕಾದರೆ ಕೇಂದ್ರದ ಶಿಕ್ಷಕರಿಂದ ಸದ್ದಿಲ್ಲದೆ ತಿಳಿದುಕೊಳ್ಳಬಹುದು. ನೆಂಟರು ಮತ್ತೆ ಕೇಳಿದರೆ ‘ಅದು ಅವನ ವಿಷಯ, ಅವನೇ ಹೇಳುತ್ತಾನೆ’ ಎಂದಷ್ಟೇ ಹೇಳಿ, ಅವನಿಗೂ ಕೇಳಿಸುವ ಹಾಗೆ.